ಬಾಕುವಿನ ಕವಿಯ ಹೆಸರು

ಸೆವ್ದಾ ಖಾನಂ ಕೆನಡಾದ ಥಾರ್ನ್‌ಕ್ಲಿಫ್ ಪಾರ್ಕ್ ಬಡಾವಣೆಯ ಲೈಬ್ರರಿಗೆ ಮೊದಲ ಸಲ ಬಂದ ದಿನ ಭಾನುಮತಿ ಅವರನ್ನು ಯಾರದೋ ಮನೆಯ ಅಜ್ಜಿ ಎಂದುಕೊಂಡಳು. ಹಾಗೆ ಅಂದುಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ. ಕೈಯಲ್ಲಿ ಮೊಮ್ಮಗಳ ಗುಲಾಬಿ ಬಣ್ಣದ ಸ್ಕೂಲ್ ಬ್ಯಾಗು, ಕಾಲಿಗೆ ಒಂದು ಸೈಜು ದೊಡ್ಡದಾದ ಮಗಳ ಬೂಟು, ಹಿಂದಕ್ಕೆ ಬಾಚಿ ಬಿಗಿದು ಕಟ್ಟಿದ ಬಿಳಿಗೂದಲು. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಅಲ್ಲಿ ಇಂಗ್ಲಿಷ್ ಮಾತಾಡಲು ಕಲಿಯುವವರ ಗುಂಪು ಕೂಡುತ್ತಿತ್ತು. ಲೈಬ್ರರಿಯಲ್ಲಿ ಕೆಲಸಕ್ಕಿದ್ದ ಭಾನುಮತಿಗೆ ಆ ಗುಂಪು ನಡೆಸುವ ಹೊಣೆ. ಪೇಶಾವರದವರು, ಕಾಬೂಲಿನವರು, ಸೂರತ್ತಿನವರು ವೃತ್ತಾಕಾರವಾಗಿ ಕೂತು ತಮ್ಮ ಹೆಸರು, ಊರು, ಕೆಲಸ ಹೇಳುವುದು ಮೊದಲ ಪಾಠ.

ಸರದಿ ಬಂದಾಗ ಅವರು ಎದ್ದು ನಿಂತರು. ಬೇರೆ ಯಾರೂ ನಿಂತಿರಲಿಲ್ಲ.

“ನನ್ನ ಹೆಸರು ಸೆವ್ದಾ. ಊರು ಬಾಕು, ಅಜರ್‌ಬೈಜಾನ್. ನಾನು ಕವಿ.”

ಯಾರೋ ಮೆಲ್ಲಗೆ ನಕ್ಕರು. ಭಾನುಮತಿಗೆ ನಗು ಬರಲಿಲ್ಲ. ಕೆನಡಾಕ್ಕೆ ಬರುವ ಮುಂಚೆ ಅವಳು ಮೈಸೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಒಂಬತ್ತು ವರ್ಷ ಕನ್ನಡ ಪಾಠ ಮಾಡಿದವಳು. ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷಗಳಾಗಿದ್ದವು. ಅಷ್ಟು ವರ್ಷಗಳಲ್ಲಿ ತಾನು ಕವಿ ಎಂದು ಇಷ್ಟು ಸರಳವಾಗಿ, ನಾಚಿಕೆಯಿಲ್ಲದೆ ಹೇಳಿದ ಒಬ್ಬರನ್ನೂ ಅವಳು ಈ ಊರಲ್ಲಿ ಕಂಡಿರಲಿಲ್ಲ. ಕ್ಲಾಸು ಮುಗಿದ ಮೇಲೆ ತಾನಾಗಿ ಹೋಗಿ ಮಾತಾಡಿಸಿದಳು.

ಹೀಗೆ ಶುರುವಾದ ಗೆಳೆತನ ಬೇಗ ಗಟ್ಟಿಯಾಯಿತು. ಮಂಗಳವಾರದ ಕ್ಲಾಸು ಬಿಟ್ಟ ಮೇಲೆ ಭಾನುಮತಿಗೆ ಒಂದು ಗಂಟೆ ಊಟದ ಬಿಡುವು. ಇಬ್ಬರೂ ಸೆವ್ದಾ ಇದ್ದ ಹನ್ನೆರಡನೆಯ ಮಹಡಿಯ ಫ್ಲ್ಯಾಟಿಗೆ ಹೋಗುವರು. ಮಗಳು ಐಗೂನ್, ಅಳಿಯ ಇಬ್ಬರೂ ಕೆಲಸಕ್ಕೆ ಹೋಗಿರುತ್ತಿದ್ದರು. ಸೆವ್ದಾ ಸೊಂಟ ಸಣ್ಣಗಿರುವ ಪುಟ್ಟ ಗಾಜಿನ ಲೋಟದಲ್ಲಿ ಕಪ್ಪು ಚಹಾ ಕೊಡುವರು, ಭಾನುಮತಿ ಡಬ್ಬಿಯ ಚಿತ್ರಾನ್ನ ಬಿಚ್ಚುವಳು. ಸೆವ್ದಾ ಅವಳನ್ನು ‘ಭಾನು ಖಾನಂ’ ಎಂದು ಕರೆಯುವರು. ಅವರ ಕಡೆ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ರೀತಿ ಅದು. ಮಾತಿನಲ್ಲಿ ಇಂಗ್ಲಿಷ್ ಮುಗ್ಗರಿಸಿದಲ್ಲಿ ಇದ್ದಕ್ಕಿದ್ದಂತೆ ಒಂದು ಪರಿಚಿತ ಶಬ್ದ ಸಿಕ್ಕಿಬಿಡುತ್ತಿತ್ತು. ಹವಾ ಅಂದರೆ ಹವಾ. ಖಬರು, ಜವಾಬು, ವಕೀಲ, ಎಲ್ಲವೂ ಸ್ವಲ್ಪ ನಾಲಿಗೆ ತಿರುವಿದರೆ ಅದೇ. ಒಂದೊಂದು ಸಿಕ್ಕಾಗಲೂ ಇಬ್ಬರೂ ಸ್ಕೂಲ್ ಹುಡುಗಿಯರ ಹಾಗೆ ನಗುವರು.

ಸೆವ್ದಾ ಬಾಕುವಿನಲ್ಲಿ ಹದಿನೆಂಟು ವರ್ಷ ಒಂದು ಸಣ್ಣ ಸಾಹಿತ್ಯ ಪತ್ರಿಕೆ ನಡೆಸಿದ್ದರು. ಮುನ್ನೂರು ಪ್ರತಿ. ಶುಕ್ರವಾರ ಸಂಜೆ ಅವರ ಅಡುಗೆಮನೆಯಲ್ಲಿ ಹತ್ತು ಹನ್ನೆರಡು ಜನ ಕವಿಗಳು, ಮೇಷ್ಟ್ರುಗಳು, ಒಬ್ಬ ಹಲ್ಲಿನ ಡಾಕ್ಟರು ಸೇರುವರು. ಯಾರೂ ಕದ್ದು ಕೇಳದಿರಲೆಂದು ಬಂದವರೆಲ್ಲ ಫೋನುಗಳನ್ನು ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟು ಮುಚ್ಚಳ ಹಾಕಿ ಆಮೇಲೆ ಮಾತಿಗೆ ಕೂರುವರು. ಹಳೆಯ ಪಾರಸಿ ಶಬ್ದ ಬಳಸಬೇಕೋ, ಹಳ್ಳಿಯ ಶಬ್ದ ಬಳಸಬೇಕೋ ಎಂದು ಗಂಟೆಗಟ್ಟಲೆ ಜಗಳ. ಭಾನುಮತಿಗೆ ತನ್ನ ಕಾಲೇಜಿನ ಸ್ಟಾಫ್ ರೂಮು ನೆನಪಾಗಿ ಹೊಟ್ಟೆ ತುಂಬ ನಗು ಬಂತು.

“ಆಮೇಲೆ ಏನಾಯಿತು?”

“ನೆರೆಯ ದೇಶದ ಜೊತೆಗಿನ ಯುದ್ಧ ಗೆದ್ದೆವು,” ಅಂದರು ಸೆವ್ದಾ. “ಗೆದ್ದ ವರ್ಷ ನಮ್ಮ ಗುಂಪು ಒಡೆಯಿತು. ಅರ್ಧ ಜನ ಜಯಗೀತೆ ಬರೆದರು. ಬರೆಯದವರನ್ನು ಇವರು ಬೀದಿಯಲ್ಲಿ ಕಂಡರೂ ಮಾತಾಡಿಸಲಿಲ್ಲ. ಆಮೇಲೆ ಸರ್ಕಾರದವರು ಪತ್ರಕರ್ತರನ್ನು ಹಿಡಿಯತೊಡಗಿದರು. ಒಂದು ದಿನ ಪ್ರೆಸ್ಸಿಗೆ ಹೋದೆ. ಪ್ರೆಸ್ಸಿನವನು ‘ಸೆವ್ದಾ ಖಾನಂ, ಮಿಷನ್ ಕೆಟ್ಟಿದೆ’ ಅಂದ. ಅವನ ಬೆನ್ನ ಹಿಂದೆ ಮಿಷನ್ ಓಡುವ ಸದ್ದು ನನಗೆ ಕೇಳುತ್ತಿತ್ತು. ಅವನಿಗೂ ಗೊತ್ತಿತ್ತು ನನಗೆ ಕೇಳುತ್ತಿದೆ ಅಂತ. ಪಾಪ, ತಲೆ ತಗ್ಗಿಸಿ ನಿಂತಿದ್ದ.”

ಆ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನು ತುರಾಲ್. ಸೆವ್ದಾ ಅವನಿಗೆ ಸ್ಕೂಲಿನಲ್ಲಿ ಪಾಠ ಹೇಳಿದ್ದರು. ಈಗ ಮೂವತ್ತೊಂದು ವಯಸ್ಸಿನ ಅವನೂ ಅದೇ ಸ್ಕೂಲಿನಲ್ಲಿ ಮೇಷ್ಟ್ರು. ಜಯಗೀತೆ ಬರೆಯದವರಲ್ಲಿ ಅವನೊಬ್ಬ. ಸೆವ್ದಾ ಊರು ಬಿಟ್ಟ ಮೇಲೂ ವಾರಕ್ಕೊಂದು ಸಲ ಧ್ವನಿ ಸಂದೇಶ ಕಳಿಸುತ್ತಿದ್ದ. ಅವನ ಒಂದು ಪದ್ಯವಿತ್ತು. ದೊಡ್ಡ ಸಮಾರಂಭಕ್ಕೆ ಪರದೇಶದ ಅತಿಥಿಗಳು ಬರುವಾಗ ಬಡವರ ಮನೆಗಳು ಕಾಣದಿರಲೆಂದು ರಸ್ತೆಯ ಪಕ್ಕ ಎಬ್ಬಿಸಿದ ಗೋಡೆಯ ಕುರಿತು ಬರೆದದ್ದು. ಅದನ್ನು ಒಂದು ಸಲ ಎಲ್ಲೋ ಓದಿದ್ದಕ್ಕೆ ಪೊಲೀಸರು ಅವನನ್ನು ಕಚೇರಿಗೆ ಕರೆಸಿ, ಈ ಪದ್ಯದ ಜೊತೆ ನಿನ್ನ ಹೆಸರು ಇನ್ನೊಮ್ಮೆ ಕೇಳಿಬರಕೂಡದು ಎಂದು ಹೇಳಿ ಕಳಿಸಿದ್ದರು. ಆಮೇಲೆ ಪದ್ಯ ಹೆಸರಿಲ್ಲದೆ ಫೋನಿಂದ ಫೋನಿಗೆ ಓಡಾಡಿತು. ಬರೆದವರು ಯಾರೆಂದು ಎಲ್ಲರಿಗೂ ಗೊತ್ತು, ಆದರೆ ಯಾರೂ ಹೇಳರು.

ಸೆವ್ದಾ ಆ ಪದ್ಯವನ್ನು ಸಾಲು ಸಾಲಾಗಿ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಭಾನುಮತಿ ನಾಲ್ಕು ಮಂಗಳವಾರ ಅದರ ಹಿಂದೆ ಬಿದ್ದು ಕನ್ನಡಕ್ಕೆ ತಂದಳು.

ಅತಿಥಿಗಳು ಬರುತ್ತಾರೆಂದು ನಮ್ಮ ಓಣಿಗೊಂದು ಗೋಡೆ ಕಟ್ಟಿದರು.
ಬಲು ಚಂದದ ಗೋಡೆಯಂತೆ, ಕಾರಿನಲ್ಲಿ ಹೋದವರು ಹೇಳಿದರು.
ನಾವು ಅದರ ಬೆನ್ನನ್ನಷ್ಟೇ ಬಲ್ಲೆವು.
ಬೆನ್ನ ಮೇಲೆ ಬಟ್ಟೆ ಒಣಹಾಕುತ್ತೇವೆ,
ಚೆಂಡು ಎಸೆದರೆ ಹಿಂದಿರುಗಿ ಬರುತ್ತದೆ.
ಅತಿಥಿಗಳು ಹೊರಟುಹೋದರು. ಗೋಡೆ ನಮ್ಮಲ್ಲೇ ಉಳಿಯಿತು.

ಓದಿ ತೋರಿಸಿದಾಗ ಸೆವ್ದಾ ಕಣ್ಣು ಮುಚ್ಚಿ ಕೇಳಿದರು. ಒಂದಕ್ಷರ ಅರ್ಥವಾಗದಿದ್ದರೂ ಎಲ್ಲಿ ಯಾವ ಸಾಲು ಮುರಿಯುತ್ತದೆ ಎಂದು ಬೆರಳಲ್ಲಿ ಮೇಜು ತಟ್ಟಿ ತೋರಿಸಿದರು. ನವೆಂಬರಿನ ರಾಜ್ಯೋತ್ಸವದ ಕವಿಗೋಷ್ಠಿಯಲ್ಲಿ ಇದನ್ನು ಓದಲೇ ಎಂದು ಭಾನುಮತಿ ಕೇಳಿದಳು. ಸೆವ್ದಾ ಚಹಾದ ಲೋಟ ಕೆಳಗಿಟ್ಟರು.

“ಓದಿ. ಆದರೆ ಹೆಸರು ಬೇಡ. ಬಾಕುವಿನ ಒಬ್ಬ ಕವಿ ಅನ್ನಿ, ಸಾಕು.”

“ಖಂಡಿತ,” ಅಂದಳು ಭಾನುಮತಿ.

ಮಿಸಿಸಾಗಾದ ಒಂದು ಸ್ಕೂಲಿನ ಸಭಾಂಗಣದಲ್ಲಿ ಕಾರ್ಯಕ್ರಮ. ಮಕ್ಕಳ ಕೋಲಾಟವಾಗಿ, ಬಿಸಿಬೇಳೆಬಾತಿನ ಊಟವಾಗಿ, ಅರ್ಧ ಜನ ಮನೆಗೆ ಹೊರಡುವ ಹೊತ್ತಿಗೆ ಕವಿಗೋಷ್ಠಿ ಶುರುವಾಯಿತು. ಪ್ರತಿ ವರ್ಷ ಇದೇ ಕತೆ. ಭಾನುಮತಿ ಓದಿದಾಗ ಮಾತ್ರ ಬಾಗಿಲ ಬಳಿ ಕೋಟು ಹಾಕಿಕೊಳ್ಳುತ್ತಿದ್ದವರು ಹಾಗೇ ನಿಂತರು. ಕೊನೆಯ ಸಾಲು ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳ ಗಂಡ ಉಮಾಶಂಕರ ಸಹ ಫೋನಿನಿಂದ ತಲೆ ಎತ್ತಿದ್ದ. ಬೆಂಗಳೂರು ಕಡೆಯಿಂದ ಬಂದು ಇಲ್ಲಿ ಓದುತ್ತಿದ್ದ ಸ್ಪಂದನಾ ಎಂಬ ಹುಡುಗಿ ಎದ್ದು ನಿಂತು ಕೇಳಿದಳು, “ತುಂಬಾ ಚೆನ್ನಾಗಿತ್ತು ಮೇಡಂ. ಕವಿ ಯಾರು ಮೇಡಂ?”

ಮೈಕು ಎದುರಿಗಿತ್ತು. ಮೂಲ ಕವಿಯ ಹೆಸರು ಹೇಳದೆ ಅನುವಾದ ಓದುವುದು ಕಳ್ಳತನ ಎಂದು ತನ್ನ ವಿದ್ಯಾರ್ಥಿನಿಯರಿಗೆ ಒಂಬತ್ತು ವರ್ಷ ಹೇಳಿಕೊಟ್ಟವಳು ಅವಳು. ಇಪ್ಪತ್ತೆರಡು ವರ್ಷಗಳ ಮೇಲೆ ಒಂದು ಹುಡುಗಿ ಎದ್ದು ನಿಂತು ಮೇಡಂ ಎಂದು ಕರೆದು ಪ್ರಶ್ನೆ ಕೇಳಿದ್ದಳು. ಭಾನುಮತಿ ಬಾಯಿ ತೆರೆದಳು. ತುರಾಲ್‌ನ ಹೆಸರು, ಮನೆತನದ ಹೆಸರು, ಅವನು ಪಾಠ ಮಾಡುವ ಸ್ಕೂಲು, ಎಲ್ಲವೂ ಹೊರಗೆ ಬಂದವು.

ಮಾತು ಮುಗಿದ ಕೂಡಲೇ ಸೆವ್ದಾರಿಗೆ ಕೊಟ್ಟ ಮಾತು ನೆನಪಾಯಿತು. ಆದರೆ ಇಲ್ಲಿ ಯಾರಿದ್ದಾರೆ, ಇರುವವರೆಲ್ಲ ನಮ್ಮವರೇ ತಾನೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮಾರನೆಯ ದಿನ ಕನ್ನಡ ಕೂಟದ ಕಾರ್ಯದರ್ಶಿ ಸತ್ಯಪ್ರಕಾಶ್ ಎಲ್ಲರ ಕವಿತಾವಾಚನವನ್ನೂ ಫೇಸ್‌ಬುಕ್ಕಿಗೆ ಏರಿಸಿದರು. ಅವಳ ವಿಡಿಯೋದ ಕೆಳಗೆ ಇಂಗ್ಲಿಷಿನಲ್ಲಿ ಕವಿಯ ಪೂರ್ತಿ ಹೆಸರು, ದೇಶದ ಹೆಸರು. ಭಾನುಮತಿ ನೋಡಿದಳು. ನೋಡಿ ಸುಮ್ಮನಿದ್ದಳು. ಸುಮ್ಮನಿದ್ದಳು ಎಂದರೂ ಪೂರ್ತಿ ನಿಜವಲ್ಲ, ಖುಷಿಪಟ್ಟಳು. ಮೈಸೂರಿನ ಹಳೆಯ ಸಹೋದ್ಯೋಗಿಗಳು ಮೆಚ್ಚಿ ಬರೆದದ್ದನ್ನು ಎರಡೆರಡು ಸಲ ಓದಿದಳು.

ಮೂರನೆಯ ದಿನ ವಿಷಯವನ್ನು ಊಟದ ಹೊತ್ತಿನಲ್ಲಿ ಹೇಳಿದಾಗ, ಕಾನೂನು ಓದುತ್ತಿದ್ದ ಮಗಳು ನಿಧಿ ತಟ್ಟೆಯಿಂದ ಕೈ ತೆಗೆದಳು. “ಅಮ್ಮಾ, ಡಿಡ್ ಶೀ ಸೇ ಯು ಕುಡ್ ಯೂಸ್ ಹಿಸ್ ನೇಮ್?”

ಭಾನುಮತಿ ಊಟ ಬಿಟ್ಟೆದ್ದು ಸತ್ಯಪ್ರಕಾಶರಿಗೆ ಫೋನು ಮಾಡಿದಳು.

“ಅಯ್ಯೋ, ಅದಕ್ಕೇನಂತೆ ಮೇಡಂ, ಈಗ್ಲೇ ಡಿಲೀಟ್ ಮಾಡ್ತೀನಿ,” ಅಂದರು ಅವರು. “ಆದ್ರೆ ಒಳ್ಳೆ ರೆಸ್ಪಾನ್ಸ್ ಬಂದಿತ್ತು. ಯಾರೋ ಆ ಕಡೆಯವರೇ ಇರ್ಬೇಕು, ಶೇರ್ ಬೇರೆ ಮಾಡಿದ್ರು.”

“ಆ ಕಡೆಯವ್ರು ಅಂದ್ರೆ?”

“ಗೊತ್ತಿಲ್ಲ ಮೇಡಂ. ಹೆಸರು ನೋಡಿದ್ರೆ ಹಾಗನ್ನಿಸ್ತು.”

ವಿಡಿಯೋ ಹೋಯಿತು. ಹನ್ನೊಂದು ದಿನಗಳಾದ ಮೇಲೆ ಮಂಗಳವಾರದ ಕ್ಲಾಸಿಗೆ ಸೆವ್ದಾ ಬರಲಿಲ್ಲ. ಭಾನುಮತಿ ಹನ್ನೆರಡನೆಯ ಮಹಡಿಗೆ ಹೋದಳು. ಬಾಗಿಲು ತೆಗೆದ ಸೆವ್ದಾರ ಕೈಯಲ್ಲಿ ಫೋನಿತ್ತು. ಅವರು ಇಂಗ್ಲಿಷ್ ಮರೆತೇಬಿಟ್ಟಿದ್ದರು. ತಮ್ಮ ಭಾಷೆಯಲ್ಲೇ ಒಂದೇ ಸಮನೆ ಏನೋ ಹೇಳುತ್ತಿದ್ದರು. ಭಾನುಮತಿಗೆ ಅರ್ಥವಾದದ್ದು ತುರಾಲ್ ಎಂಬ ಹೆಸರು, ಮತ್ತೆ ಖಬರು, ವಕೀಲ ಎಂಬ ಎರಡು ಶಬ್ದಗಳು. ಕೈಯಾಡಿಸಿದ ರೀತಿಯಿಂದ ಉಳಿದದ್ದು ತಿಳಿಯಿತು: ಖಬರು ಇಲ್ಲ, ವಕೀಲ ಇಲ್ಲ.

ಸ್ಕೂಲಿನ ಮುಂದಿನ ಬಸ್ ಸ್ಟಾಪಿನಿಂದ ಪೊಲೀಸರು ತುರಾಲ್‌ನನ್ನು ಎತ್ತಿಕೊಂಡು ಹೋಗಿದ್ದರು. ಅವನ ಇಬ್ಬರು ವಿದ್ಯಾರ್ಥಿಗಳು ನೋಡುತ್ತಿದ್ದರಂತೆ. ಚೀಲದಲ್ಲಿ ಮಾದಕ ಪದಾರ್ಥ ಸಿಕ್ಕಿತೆಂದು ಕೇಸು. ಚಹಾಕ್ಕೆ ಸಕ್ಕರೆ ಕೂಡ ಹಾಕಿಕೊಳ್ಳದ ಹುಡುಗ ಅವನು, ಎಂದರು ಸೆವ್ದಾ ಕೊನೆಗೆ ಇಂಗ್ಲಿಷ್ ಸಿಕ್ಕಿದಾಗ. ಪದ್ಯದ ಮಾತನ್ನು ಯಾರೂ ಎತ್ತಿರಲಿಲ್ಲ.

ಆ ದಿನ ಭಾನುಮತಿ ವಿಡಿಯೋದ ವಿಷಯ ಹೇಳಲಿಲ್ಲ. ಅವರ ಬೆನ್ನು ಸವರಿ ಕೆಳಗಿಳಿದು ಬಂದಳು. ಮನೆಯಲ್ಲಿ ಗಂಡನ ಮುಂದೆ ಅತ್ತಳು.

“ಭಾನು, ಸ್ವಲ್ಪ ಯೋಚನೆ ಮಾಡು,” ಅಂದ ಉಮಾಶಂಕರ. “ಇನ್ನೂರು ಜನ ನೋಡಿರೋ ವಿಡಿಯೋ. ಅದೂ ಕನ್ನಡದಲ್ಲಿ. ಅದನ್ನ ನೋಡಿ ಬಾಕುನಲ್ಲಿ ಅರೆಸ್ಟ್ ಮಾಡ್ತಾರಾ? ಅವ್ರು ಮೊದ್ಲಿಂದ್ಲೂ ಅವನ ಹಿಂದೆ ಬಿದ್ದಿದ್ರು ಅಂತ ನೀನೇ ಹೇಳ್ತಿದ್ದೆ.”

“ಹೆಸರು ಇಂಗ್ಲಿಷಲ್ಲಿತ್ತು ರೀ.”

ಅವನು ನೀರಿನ ಲೋಟ ತಂದು ಅವಳ ಕೈಗಿಟ್ಟ. “ಅವ್ರಿಗೆ ಹೇಳ್ಬೇಡ,” ಅಂದ. “ಹೇಳಿದ ಮಾತ್ರಕ್ಕೆ ಆ ಹುಡುಗ ಹೊರಗೆ ಬರಲ್ಲ. ಅವ್ರಿಗೆ ಇನ್ನೊಂದು ನೋವು, ಅಷ್ಟೇ.”

ಆ ಮಾತಿನಲ್ಲಿ ನ್ಯಾಯವಿತ್ತು. ಅದನ್ನು ಹಿಡಿದುಕೊಂಡು ಭಾನುಮತಿ ಎರಡು ವಾರ ಕಳೆದಳು. ಆದರೆ ಮೂರನೆಯ ಮಂಗಳವಾರ ಸೆವ್ದಾ ಅವಳ ಕೈ ಹಿಡಿದುಕೊಂಡು, “ಈ ಊರಲ್ಲಿ ನನಗೆ ನೀವೊಬ್ಬರೇ ಇರುವುದು ಭಾನು ಖಾನಂ” ಎಂದುಬಿಟ್ಟರು. ಇನ್ನು ತಡೆದುಕೊಳ್ಳುವುದು ಅವಳಿಂದಾಗಲಿಲ್ಲ. ಪಕ್ಕದ ಪಾರ್ಕಿನಲ್ಲಿ ಬೆಂಚಿನ ಮೇಲಿನ ಹಿಮ ಒರಸಿ ಅವರನ್ನು ಕೂರಿಸಿ, ಎಲ್ಲವನ್ನೂ ಹೇಳಿದಳು. ಮೈಕು, ಹುಡುಗಿಯ ಪ್ರಶ್ನೆ, ವಿಡಿಯೋ, ಮೂರು ದಿನ ತಾನು ಖುಷಿಯಾಗಿದ್ದದ್ದು ಕೂಡ.

ಸೆವ್ದಾ ಕೈ ಬಿಡಿಸಿಕೊಳ್ಳಲಿಲ್ಲ. ಆದರೆ ಹಿಡಿತದಲ್ಲಿದ್ದ ಜೀವ ಹೋಯಿತು. ಎದುರಿನ ಉಯ್ಯಾಲೆಗಳ ಕಡೆ ಮುಖ ತಿರುಗಿಸಿದರು.

“ಅವನನ್ನು ಹಿಡಿಯಲು ಅವರ ಬಳಿ ಐವತ್ತು ಕಾರಣಗಳಿದ್ದವು,” ಎಂದರು. “ನೀವು ಐವತ್ತೊಂದನೆಯದು ಇರಬಹುದು. ಇಲ್ಲದೆಯೂ ಇರಬಹುದು. ನಿಮ್ಮಿಂದಲ್ಲ ಅಂತ ನಾನು ಹೇಳಲಿ ಅಂತ ನಿಮಗೆ ಆಸೆ. ಅದು ನನಗೆ ಗೊತ್ತಿಲ್ಲ, ಹೇಗೆ ಹೇಳಲಿ? ನಿಮ್ಮಿಂದಲೇ ಆಯಿತು ಅಂತ ಹೇಳಲು ನನಗೂ ಆಸೆಯಿದೆ. ನೀವು ನನ್ನ ಕೈಗೆ ಸಿಗುವವರು. ಉಳಿದವರು ಯಾರೂ ಸಿಗುವುದಿಲ್ಲ. ಅದನ್ನೂ ಹೇಳಲಾರೆ.”

“ಬೈದುಬಿಡಿ,” ಅಂದಳು ಭಾನುಮತಿ.

“ಇಂಗ್ಲಿಷಿನಲ್ಲಿ ನನಗೆ ಬೈಯಲು ಬರುವುದಿಲ್ಲ. ನೀವು ಕಲಿಸಿಲ್ಲ.”

ಎದ್ದು ಮೊಮ್ಮಗಳ ಸ್ಕೂಲಿನ ಕಡೆ ನಡೆದರು. ದೊಡ್ಡ ಬೂಟು ಹಿಮದಲ್ಲಿ ಸರಕ್ ಸರಕ್ ಎನ್ನುತ್ತಿತ್ತು. ಭಾನುಮತಿ ಹಿಂದೆ ಹೋಗಲಿಲ್ಲ.

ಆಮೇಲೆ ಏನಾದರೂ ಮಾಡಲೇಬೇಕೆಂಬ ಹಟ ಅವಳಿಗೆ ಹಿಡಿಯಿತು. ನಿಧಿ ಕೂತು ಪತ್ರ ಬರೆದುಕೊಟ್ಟಳು. ಆ ಪತ್ರವನ್ನು ಅವರ ಕ್ಷೇತ್ರದ ಸಂಸದರಿಗೆ, ಮಂತ್ರಿಗಳ ಕಚೇರಿಗೆ, ಜೈಲಿನಲ್ಲಿರುವ ಲೇಖಕರ ಪರ ಕೆಲಸ ಮಾಡುವ ಒಂದು ಸಂಸ್ಥೆಗೆ ಕಳಿಸಿದರು. ಸಂಸದರ ಕಚೇರಿಯಿಂದ ನಿಮ್ಮ ಕಾಳಜಿಗೆ ಧನ್ಯವಾದ ಎಂಬ ಉತ್ತರ ಬಂತು. ಮಂತ್ರಿಗಳ ಕಚೇರಿಯಿಂದ ಅದೂ ಬರಲಿಲ್ಲ. ಸಂಸ್ಥೆಯವರು ಮಾತ್ರ ಫೋನು ಮಾಡಿ, ಕುಟುಂಬದವರು ಒಪ್ಪಿದರೆ ನಾವು ದನಿ ಎತ್ತುತ್ತೇವೆ, ಒಪ್ಪಿಗೆ ಬೇಕೇ ಬೇಕು ಎಂದರು.

ಒಪ್ಪಿಗೆ ಕೇಳಲು ಹೋಗುವ ಮುಂಚೆಯೇ ಸೆವ್ದಾರ ಮಗಳು ಐಗೂನ್ ಲೈಬ್ರರಿಗೆ ಬಂದಳು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದಳು. ಕೌಂಟರಿನ ಮುಂದೆ ನಿಂತು ತಗ್ಗಿದ ದನಿಯಲ್ಲಿ ಹೇಳಿದಳು.

“ಮಿಸೆಸ್ ಭಾನುಮತಿ, ನೀವು ಪತ್ರ ಬರೆಯುತ್ತಿದ್ದೀರಂತೆ. ದಯವಿಟ್ಟು ನಿಲ್ಲಿಸಿ. ತುರಾಲ್‌ನ ತಾಯಿಗೆ ಅಲ್ಲಿಯ ವಕೀಲ ಹೇಳಿದ್ದಾನೆ, ಗಲಾಟೆ ಮಾಡದಿದ್ದರೆ ಎರಡು ವರ್ಷದಲ್ಲಿ ಬಿಡಬಹುದು ಅಂತ. ಗಲಾಟೆಯಾದರೆ ಹೆಚ್ಚಾಗುತ್ತದೆ. ನನ್ನ ಗಂಡನ ಅಣ್ಣ ಅಲ್ಲಿ ಸರ್ಕಾರಿ ಡಾಕ್ಟರು. ನಮ್ಮ ಹೆಸರು ಎಲ್ಲೂ ಬರಬಾರದು.”

“ನಾನು ಸಹಾಯಕ್ಕೆ ಅಂತ…”

“ಗೊತ್ತು,” ಅಂದಳು ಐಗೂನ್. ಕಣ್ಣಲ್ಲಿ ಸಿಟ್ಟಿರಲಿಲ್ಲ. ಅದು ಸಿಟ್ಟಿಗಿಂತ ಕಷ್ಟವಾಗಿತ್ತು. “ಮೊದಲೂ ನೀವು ಒಳ್ಳೆಯದಕ್ಕೇ ಮಾಡಿದ್ದು.”

ಭಾನುಮತಿ ಸಂಸ್ಥೆಯವರಿಗೆ ಫೋನು ಮಾಡಿ ಬೇಡವೆಂದಳು. ನಿಧಿ ಸಿಟ್ಟಾದಳು. “ಸೋ ವಿ ಜಸ್ಟ್ ಡೂ ನಥಿಂಗ್?” ಎಂದು ಕೇಳಿದಳು. ಹೌದು, ಅಂದಳು ಭಾನುಮತಿ. ಒಂದು ಸಲ ಬಾಯಿಬಿಟ್ಟು ಹೀಗಾಯಿತು, ಇನ್ನು ಬಾಯಿ ಮುಚ್ಚಿಕೊಂಡು ನೋಡೋಣ.

ಆ ಬೇಸಿಗೆಯಲ್ಲಿ ಐಗೂನ್‌ಳ ಸಂಸಾರ ಸ್ಟೌಫ್‌ವಿಲ್ಲಿನ ಹೊಸ ಬಡಾವಣೆಯ ಬಾಡಿಗೆ ಮನೆಗೆ ಹೋಯಿತು. ಹೊರಡುವಾಗ ಸೆವ್ದಾ ಹೇಳಿ ಹೋಗಲಿಲ್ಲ. ಮಂಗಳವಾರದ ಗುಂಪಿನಲ್ಲಿ ಅವರ ಕುರ್ಚಿಯಲ್ಲಿ ಬೇರೆ ಯಾರೋ ಕೂತರು. ಭಾನುಮತಿ ದಿನಾ ಫೋನಿನಲ್ಲಿ ಬಾಕುವಿನ ಸುದ್ದಿ ಹುಡುಕುತ್ತಿದ್ದಳು. ತೈಲದ ಬೆಲೆ, ಸಮ್ಮೇಳನ, ಕಾರ್ ರೇಸು ಎಲ್ಲ ಸಿಗುತ್ತಿತ್ತು. ತುರಾಲ್ ಎಲ್ಲೂ ಸಿಗುತ್ತಿರಲಿಲ್ಲ. ವಕೀಲ ಹೇಳಿದ ಹಾಗೆ ಎಲ್ಲರೂ ಸುಮ್ಮನಿದ್ದರು.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಸೆವ್ದಾರಿಂದಲೇ ಫೋನು ಬಂತು. ಹತ್ತು ತಿಂಗಳಲ್ಲಿ ಮೊದಲ ಸಲ.

“ತೀರ್ಪಾಯಿತು. ಎಂಟು ವರ್ಷ. ನೀವು ಬರಬಲ್ಲಿರಾ?”

ಭಾನುಮತಿ ರಜೆ ಹಾಕಿ ಅಜಿನ್‌ಕೋರ್ಟ್ ಸ್ಟೇಷನ್ನಿನಲ್ಲಿ ಸ್ಟೌಫ್‌ವಿಲ್ಲಿನ ರೈಲು ಹತ್ತಿದಳು. ರೈಲು ಖಾಲಿಯಿತ್ತು. ಕಿಟಕಿಯಾಚೆ ಗೋದಾಮುಗಳು, ಆಮೇಲೆ ಒಂದೇ ಅಚ್ಚಿನ ಮನೆಗಳು, ಜೋಳ ಕಟಾವಾದ ಬಯಲು. ಎಂಟು ವರ್ಷ ಎಂದರೆ ಅವನಿಗೆ ನಲವತ್ತಾಗುತ್ತದೆ, ಸೆವ್ದಾರಿಗೆ ಎಪ್ಪತ್ತೆರಡು ಎಂದು ಲೆಕ್ಕ ಹಾಕುತ್ತ ಕೂತಳು. ಏನು ಹೇಳಬೇಕೆಂದು ಮೂರು ನಾಲ್ಕು ಮಾತು ಜೋಡಿಸಿಕೊಂಡಳು. ಎಲ್ಲವೂ ಇಂಗ್ಲಿಷ್ ಪಾಠದ ಪುಸ್ತಕದ ಮಾತಿನಂತೆ ಕೇಳಿಸಿದವು.

ಸೆವ್ದಾ ಬಾಗಿಲು ತೆಗೆದರು. ತುಂಬ ಇಳಿದುಹೋಗಿದ್ದರು. ಅಡುಗೆಮನೆಯಲ್ಲಿ ಕೂರಿಸಿ ಚಹಾ ಕೊಟ್ಟರು. ಸುಮ್ಮನಿದ್ದದ್ದಕ್ಕೆ ಪ್ರತಿಫಲ ಏನೂ ಸಿಗಲಿಲ್ಲ, ಎಂದರು. ತೀರ್ಪು ಓದುವುದಕ್ಕೆ ಜಡ್ಜಿಗೆ ಬೇಕಾದದ್ದು ಆರೇ ನಿಮಿಷ. ತಾಯಿ ಹೊರಗೆ ಕಾಯುತ್ತಿದ್ದಳು, ಒಳಗೆ ಬಿಟ್ಟಿರಲಿಲ್ಲ. ಗಲಾಟೆ ಮಾಡಿದ್ದರೆ ಏನಾಗುತ್ತಿತ್ತೋ ಯಾರಿಗೆ ಗೊತ್ತು. ಮಾಡದೆ ಇದಾಯಿತು.

“ಪದ್ಯದ ವಿಷಯ…” ಅಂದಳು ಭಾನುಮತಿ.

“ಕೋರ್ಟಿನಲ್ಲಿ ಯಾರೂ ಎತ್ತಲಿಲ್ಲ. ಅದಕ್ಕೇ ಗೊತ್ತಾಗುವುದೂ ಇಲ್ಲ. ನಿಮಗೂ ಇಲ್ಲ, ನನಗೂ ಇಲ್ಲ.”

ಸೆವ್ದಾ ಒಳಗೆ ಹೋಗಿ ಒಂದು ದಪ್ಪ ನೋಟ್‌ಬುಕ್ಕು ತಂದು ಮೇಜಿನ ಮೇಲಿಟ್ಟರು. ತುರಾಲ್ ಧ್ವನಿ ಸಂದೇಶದಲ್ಲಿ ಕಳಿಸಿದ ಪದ್ಯಗಳನ್ನೆಲ್ಲ ಅವರು ಕೈಯಲ್ಲಿ ಬರೆದಿಟ್ಟಿದ್ದರು. ಅರವತ್ತಕ್ಕೂ ಹೆಚ್ಚು. ಫೋನಿನಲ್ಲಿದ್ದದ್ದನ್ನೆಲ್ಲ ಐಗೂನ್ ಅಳಿಸಿದ್ದಳು. ಬರುವ ಬೇಸಿಗೆಯಲ್ಲಿ ಮನೆಯವರೆಲ್ಲ ಬಾಕುವಿಗೆ ಹೋಗಬೇಕಿತ್ತು, ಐಗೂನ್‌ಳ ಮಾವನಿಗೆ ಕಾಯಿಲೆ. ಇದು ಮನೆಯಲ್ಲಿರುವುದು ಬೇಡವೆಂದು ಮಗಳು ಹಟ ಹಿಡಿದಿದ್ದಳು. ಒಲೆಗೆ ಹಾಕು ಅಂದಿದ್ದಳಂತೆ, ಅಳುತ್ತಲೇ.

“ನೀವು ಇಟ್ಟುಕೊಳ್ಳಿ.”

ಭಾನುಮತಿಯ ಕೈ ಮುಂದೆ ಹೋಗಲಿಲ್ಲ. “ನನ್ನನ್ನು ಹೇಗೆ ನಂಬುತ್ತೀರಿ ಖಾನಂ?”

“ನಂಬಿಕೆಯ ಮಾತು ನಾನು ಆಡಲಿಲ್ಲ,” ಅಂದರು ಸೆವ್ದಾ. “ಬೇರೆ ಯಾರೂ ಇಲ್ಲ. ಅನುವಾದ ಮಾಡಬೇಡಿ. ಯಾರಿಗೂ ತೋರಿಸಬೇಡಿ. ಇಟ್ಟುಕೊಳ್ಳಿ, ಅಷ್ಟೇ. ಅವನು ಹೊರಗೆ ಬಂದರೆ ಅವನಿಗೆ. ನಾನು ಇಲ್ಲದಿದ್ದರೆ ನೀವೇ ಕೊಡಬೇಕು. ಅವನು ಬರದಿದ್ದರೆ…” ಸೆವ್ದಾ ನೋಟ್‌ಬುಕ್ಕನ್ನು ಅವಳ ಕಡೆ ಸರಿಸಿದರು.

ನೋಟ್‌ಬುಕ್ಕನ್ನು ದಿನಸಿಯ ಚೀಲದಲ್ಲಿ ಸುತ್ತಿ ಭಾನುಮತಿ ಎದ್ದಳು. ಅವರ ಕಾಲು ಮುಟ್ಟಬೇಕೆನ್ನಿಸಿತು. ಅವರಲ್ಲಿ ಅದಕ್ಕೆ ಏನು ಅರ್ಥವೋ ತಿಳಿಯದೆ ನಿಂತಳು. ಅಷ್ಟರಲ್ಲಿ ಮೊಮ್ಮಗಳನ್ನು ಕರೆತರುವ ಹೊತ್ತಾಯಿತೆಂದು ಸೆವ್ದಾ ಕೋಟಿಗೆ ಕೈ ಹಾಕಿದ್ದರು. ಬೀದಿಯ ತಿರುವಿನ ತನಕ ಇಬ್ಬರೂ ಒಟ್ಟಿಗೆ ನಡೆದರು. ಅಲ್ಲಿಂದ ಅವರು ಸ್ಕೂಲಿನ ಕಡೆಗೆ, ಇವಳು ಸ್ಟೇಷನ್ನಿನ ಕಡೆಗೆ.

ಮುಂದಿನ ರೈಲಿಗೆ ಐವತ್ತು ನಿಮಿಷವಿತ್ತು. ಪ್ಲಾಟ್‌ಫಾರಮ್ಮಿನಲ್ಲಿ ಗಾಳಿ ಜೋರಾಗಿತ್ತು. ಭಾನುಮತಿ ಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಒತ್ತಿ ಹಿಡಿದು ಕೂತಳು. ಪಕ್ಕದಲ್ಲಿ ಬಂದು ಕೂತ ಒಬ್ಬಾಕೆ ಹವಾಮಾನದ ಬಗ್ಗೆ ಏನೋ ಹೇಳಿದಳು. ಭಾನುಮತಿ ತಲೆಯಾಡಿಸಿದಳು, ಬಾಯಿ ತೆರೆಯಲಿಲ್ಲ.